ಜೇನಿನ ಮುಂದೆ ಬಾಯಿ ಬಿಡಬಾರದು

ಮೊನ್ನೆ ತವರಿಗೆ ಹೋಗಲು ಗೋಣಿಬೀಡಿನಲ್ಲಿ ಬಸ್ಸು ಕಾಯುತ್ತಿದ್ದೆ. ಪಕ್ಕದ ಅಂಗಡಿಯಲ್ಲಿ ನೇತುಹಾಕಿದ್ದ ಬಾಳೆಗೊನೆ ಕಳಿತು ಘಮ್ಮೆನ್ನುತ್ತಿತ್ತು. ಬೇರೆಯವರಾದರೆ ಅರ್ಧ ಡಜನ್ ಕೊಳ್ಳುತ್ತಿದ್ದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಹಿಂದೆ ಸರಿದೆ. ಅಂಗಡಿಯಾತ ನೋಡಿದ ನೋಟಕ್ಕೆ ನಾಚಿಕೆಯಾಗಿ, ಬೇಡದಿದ್ದರೂ ಒಂದು ಬೆಂಕಿಪೊಟ್ಟಣ ಕೊಂಡೆ.

ತಪ್ಪು ನನ್ನದಲ್ಲ ನೋಡಿ, ಹುಟ್ಟಿದ ಮನೆಯದು. ನಮ್ಮದು ಜೇನು ಸಾಕುವ ಮನೆ. ಕಾಫಿ ಗಿಡಗಳ ನಡುವೆ ಸಾಲಾಗಿ ಪೆಟ್ಟಿಗೆಗಳು. ಹುಳ ಒಮ್ಮೆ ಚುಚ್ಚಿತೆಂದರೆ ಆ ಜಾಗದಿಂದ ಕಳಿತ ಬಾಳೆಹಣ್ಣಿನ ವಾಸನೆ ಏಳುತ್ತದೆ, ಅದನ್ನು ಹಿಡಿದು ಉಳಿದವೂ ಅಲ್ಲಿಗೇ ಬರುತ್ತವೆ. ಹಾಗಾಗಿ ಪೆಟ್ಟಿಗೆ ತೆರೆಯುವ ದಿನ ಮನೆಯಲ್ಲಿ ಬಾಳೆಹಣ್ಣಿಲ್ಲ, ಪೌಡರಿಲ್ಲ, ಮಲ್ಲಿಗೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಾತಿಲ್ಲ. ಉಸಿರು ತಾಗಿದರೆ ಹುಳಕ್ಕೆ ಸಿಟ್ಟು. ನನ್ನಂಥವಳಿಗೆ ಇದೆಂಥ ಶಿಕ್ಷೆ ಎಂಬುದು ಇಷ್ಟು ಹೊತ್ತಿಗೆ ನಿಮಗೂ ಗೊತ್ತಾಗಿರಬೇಕು.

ಮಾತಿಲ್ಲದಿರುವುದು ಎಂದಾಗ ದೊಡ್ಡಪ್ಪನ ಪ್ರಸಂಗ ಹೇಳಲೇಬೇಕು. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ಬೇಲಿಯಾಚೆಯೇ ಮನೆ. ತುಪ್ಪ ತುಂಬಿದ ಜೇನುಗೂಡಿನ ಎರಿಯನ್ನು ಬಟ್ಟೆಯಲ್ಲಿ ಕಟ್ಟಿ ಕೈಯಲ್ಲಿ ಹಿಂಡಿದರೆ ಮಾತ್ರ ಅದು ಜೇನುತುಪ್ಪ ಎನ್ನುವವರು. ಅಪ್ಪನೋ, ಎರಿ ಮುರಿಯದೆ ಹಿಡಿ ತಿರುಗಿಸಿ ತುಪ್ಪ ತೆಗೆಯುವ ಯಂತ್ರ ತಂದರು. ಒಂದು ದಿನ ನೆಂಟರೆಲ್ಲ ನಮ್ಮಲ್ಲಿ ಊಟಕ್ಕೆ ಕೂತಿದ್ದಾಗ ದೊಡ್ಡಪ್ಪ, "ಗಿರಗಿರ ತಿರುಗ್ಸಿ ತೆಗ್ದಿದ್ದಕ್ಕೆ ರುಚಿ ಎಲ್ಲಿಂದ ಬರ್ಬೇಕು ಮಾರಾಯ?" ಎಂದರು. ಅಪ್ಪ ಸುಮ್ಮನಿರಬಹುದಿತ್ತು. "ಹಿಂಡಿದ್ರಲ್ಲಿ ಮರಿಹುಳದ ರಸಾನೂ ಇರುತ್ತಲ್ಲ ಅಣ್ಣ, ರುಚಿ ಅದ್ರದ್ದೇ ಇರ್ಬೇಕು" ಎಂದುಬಿಟ್ಟರು. ನೆಂಟರು ನಕ್ಕರು. ದೊಡ್ಡಪ್ಪ ಮಜ್ಜಿಗೆ ಅನ್ನ ಅರ್ಧಕ್ಕೇ ಬಿಟ್ಟು ಎದ್ದರು.

ಆಮೇಲೆ ಎರಡು ಸಲ ಕಾಫಿ ಹೂವಾಯಿತು, ಮಾತಾಗಲಿಲ್ಲ. ಪ್ರತಿ ಸಲ ತುಪ್ಪ ತೆಗೆದಾಗಲೂ ಅಪ್ಪ ಮೊದಲ ಬಾಟಲಿ ಅಣ್ಣನಿಗೆಂದು ತೆಗೆದಿಡುತ್ತಿದ್ದರು. ಕೊಟ್ಟು ಬನ್ನಿ ಎಂದು ಅಮ್ಮ ಹೇಳಿದರೆ, "ಅವ್ನೇ ಮೊದ್ಲು ಮಾತಾಡ್ಲಿ" ಎನ್ನುತ್ತಿದ್ದರು. ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಅಣ್ಣನಿಲ್ಲದೆ ಅವರು ಒಳಗೊಳಗೇ ಸೊರಗುತ್ತಿದ್ದರು.

ಒಂದು ಬೆಳಿಗ್ಗೆ ನಮ್ಮ ಒಂದು ಪೆಟ್ಟಿಗೆಯ ಜೇನು ಹಿಂಡಾಗಿ ಎದ್ದು ಹಾರಿತು. ನಮ್ಮ ಕಡೆ ಒಂದು ರೂಢಿಯಿದೆ: ಹಾರಿದ ಜೇನು ಕಣ್ಣಿಗೆ ಕಾಣುವಷ್ಟು ಹೊತ್ತು ಸಾಕಿದವರದು, ಕಣ್ಮರೆಯಾದರೆ ಕೂತ ಜಾಗದವರದು. ಆದ್ದರಿಂದ ತಟ್ಟೆ ಬಡಿಯುತ್ತ ಹಿಂದೆಯೇ ಓಡಬೇಕು. ಸದ್ದಿಗೆ ಜೇನು ಇಳಿಯುತ್ತದೋ ಇಲ್ಲವೋ ದೇವರೇ ಬಲ್ಲ, ಅದು ನಮ್ಮದೆಂದು ಊರಿಗೆ ಡಂಗುರವಂತೂ ಆಗುತ್ತದೆ. ಅಪ್ಪ ಖಾಲಿ ಪೆಟ್ಟಿಗೆ ಹೊತ್ತು ಮುಂದೆ, ತಟ್ಟೆ ಬಡಿಯುತ್ತ ಅಮ್ಮ, ಕಾಲೇಜಿಗೆ ಹೊರಟಿದ್ದ ನಾನು ಸೌಟು ಕೊಳಗದೊಂದಿಗೆ ಹಿಂದೆ. ಜೇನು ಬೇಲಿ ದಾಟಿ, ನೇರ ದೊಡ್ಡಪ್ಪನ ಸ್ಕೂಟರಿನ ಹ್ಯಾಂಡಲ್ ಮೇಲೆ ಕೂತಿತು. ಕೊಟ್ಟಿಗೆಹಾರಕ್ಕೆ ಮದುವೆ ಊಟಕ್ಕೆ ಹೊರಟಿದ್ದ ದೊಡ್ಡಪ್ಪ ಇಸ್ತ್ರಿ ಅಂಗಿಯಲ್ಲಿ ಬಾಗಿಲಲ್ಲೇ ನಿಂತಿದ್ದರು.

ಅಪ್ಪ ತುಟಿ ಬಿಗಿದುಕೊಂಡು ಬರಿಗೈಯಲ್ಲೇ ಹುಳ ತುಂಬತೊಡಗಿದರು. ಮುಖಪರದೆ ಗಡಿಬಿಡಿಯಲ್ಲಿ ಮನೆಯಲ್ಲೇ ಉಳಿದಿತ್ತು.

"ಸ್ಕೂಟರಿನ ಬಣ್ಣ ಕೀಳ್ಬೇಡ ಅಂತ ನಿನ್ನ ಗಂಡಂಗೆ ಹೇಳಮ್ಮ" ಎಂದರು ದೊಡ್ಡಪ್ಪ.

"ನೀವೇ ಹೇಳಿ ಬಾವ, ಅಲ್ಲೇ ಇದ್ದಾರಲ್ಲ" ಎಂದರು ಅಮ್ಮ.

ಅಷ್ಟರಲ್ಲಿ ಹುಳಗಳು ಅಪ್ಪನ ಗಲ್ಲದಿಂದ ಕಿವಿಯತ್ತ ಹತ್ತಿದವು. ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. "ಏ, ಕಿವಿ ಹತ್ರ ಬಂತು ನೋಡ್ಕೊಳೋ! ರಾಣಿಹುಳ ಸಿಕ್ತಾ?"

ಅಯ್ಯೋ, ಅಪ್ಪ ಇಷ್ಟು ದಿನ ಕಾಯುತ್ತಿದ್ದದ್ದು ಅದೇ ದನಿಗೆ! ಆದರೆ ತುಟಿಯ ಅಂಚಿನಲ್ಲಿ ಹುಳಗಳಿವೆ, ಬಾಯಿ ಬಿಡುವಂತಿಲ್ಲ. ದೊಡ್ಡಪ್ಪ ಒಂದು ಕ್ಷಣ ಕಾದರು. "ನಾನಾಗಿ ಮಾತಾಡಿದ್ರೂ ಇಷ್ಟು ಕೊಬ್ಬಾ ನಿಂಗೆ?" ಎಂದು ಒಳಗೆ ಹೋಗಲು ತಿರುಗಿದರು. ಈಗ ಒಳಗೆ ಹೋದರೆ ಈ ಮನುಷ್ಯ ಮತ್ತೆ ಹೊರಬರುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

"ಸಿಕ್ತು ಅಣ್ಣ!" ಎಂದರು ಅಪ್ಪ.

ಅಷ್ಟೇ. ಹುಳ ತುಟಿಗೇ ಚುಚ್ಚಿತು. ಬಾಳೆಹಣ್ಣಿನ ವಾಸನೆ ಎದ್ದಿತು. ದೊಡ್ಡಪ್ಪ ಇಸ್ತ್ರಿ ಅಂಗಿಯಲ್ಲೇ ನುಗ್ಗಿ ತಮ್ಮನನ್ನು ಎಳೆದುಕೊಂಡು ಒಳಗೆ ಓಡಿದರು. ಅಷ್ಟರಲ್ಲಿ ಅವರ ಮೂಗಿಗೂ ಪ್ರಸಾದ ಸಿಕ್ಕಿತ್ತು. ಮದುವೆ ಊಟ ಹೋಯಿತು. ಮುಖಕ್ಕೆಲ್ಲ ಸುಣ್ಣ ಹಚ್ಚಿಕೊಂಡು, ಒಬ್ಬರನ್ನೊಬ್ಬರು ನೋಡಿ ನಕ್ಕೂ ನಕ್ಕೂ, ಇಬ್ಬರೂ ನಮ್ಮಲ್ಲೇ ಮಜ್ಜಿಗೆ ಅನ್ನ ಉಂಡರು. ತುಟಿ ಊದಿದ್ದ ಅಪ್ಪನಿಗೆ ಆ ದಿನ ಬೇರೇನೂ ಹೇಳಲಾಗಲಿಲ್ಲ. ಇಬ್ಬರ ಮಾತನ್ನೂ ದೊಡ್ಡಪ್ಪನೇ ಆಡಿದರು.

ಈಗ ಅಪ್ಪನ ಕಣ್ಣು ಮಂಜಾಗಿದೆ. ಪೆಟ್ಟಿಗೆಗಳನ್ನು ನೋಡಿಕೊಳ್ಳುವವರು ದೊಡ್ಡಪ್ಪ. ಮೊನ್ನೆ ನಾನು ಹೋದಾಗ ಪೆಟ್ಟಿಗೆ ತೆರೆದು, ಜಗಲಿಯಲ್ಲಿ ಕೂತಿದ್ದ ಅಪ್ಪನಿಗೆ ಕೇಳುವಂತೆ ಕೂಗುತ್ತಿದ್ದರು: "ರಾಣಿ ಗಟ್ಟಿಮುಟ್ಟಾಗಿದೆ ಕಣೋ!"

"ಮೊಟ್ಟೆ ಇಟ್ಟಿದ್ಯಾ ಅಣ್ಣ?" ಜಗಲಿಯಿಂದ ಅಪ್ಪ.

ನಾನು ಓಡಿಹೋಗಿ ತುಟಿಗೆ ಬೆರಳಿಟ್ಟು ಸನ್ನೆ ಮಾಡಿದೆ. ದೊಡ್ಡಪ್ಪ ನೋಡಿಯೂ ನೋಡದವರಂತಿದ್ದರು. ಮೆಲ್ಲಗೆ ಹೇಳಿದೆ, "ಬಾಯಿ ಮುಚ್ಚಿ ದೊಡ್ಡಪ್ಪ, ಚುಚ್ಚುತ್ತೆ."

"ಚುಚ್ಲಿ ಬಿಡೇ. ಅಷ್ಟು ದಿನ ಬಾಯಿ ಮುಚ್ಕೊಂಡಿದ್ವಲ್ಲ, ಅದ್ರಷ್ಟು ಉರಿಯಲ್ಲ ಇದು."

ನಾನು ಪೆಟ್ಟಿಗೆಯ ಮೇಲೆ ಬಗ್ಗಿ ನೋಡಿದೆ. ಆಮೇಲೆ ಜಗಲಿಯ ಕಡೆ ತಿರುಗಿ ಗಂಟಲು ಬಿಟ್ಟು ಕೂಗಿದೆ: "ಬೇಕಾದಷ್ಟು ಇಟ್ಟಿದೆ ಅಪ್ಪಾ!"