ಗಂಗಾಬಾಯಿ ಮತ್ತೆ ಮೊದಲಿನಿಂದ ಹೇಳಿದ್ದು

ಸರಸಂಬಾ ಗ್ರಾಮದ ಗಂಗಾಬಾಯಿಯ ಮಗಳು ಶಿವಕಾಂತಾ ಹದಿನಾಲ್ಕರ ವಯಸ್ಸಿನಲ್ಲಿ ಹೊಲದ ಬಾವಿಗೆ ಜಾರಿಬಿದ್ದು ತೀರಿಕೊಂಡಳು. ಅಂದಿನಿಂದ ಗಂಗಾಬಾಯಿಗೆ ನಿದ್ದೆ ಹತ್ತುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ ಕೂತವಳು ಹಿಟ್ಟಿನಲ್ಲೇ ಕೈಯಿಟ್ಟು ಮೈಮರೆಯುತ್ತಿದ್ದಳು. ಹಂಚು ಕಾದು ಹೊಗೆಯೇಳುತ್ತಿತ್ತು. ಗಂಡ ಚಂದಪ್ಪ ಮೊದಲು ದೇವರು, ತಾಯಿತ ಎಂದು ತಿರುಗಾಡಿಸಿದ. ಕೊನೆಗೆ ಆಳಂದದಲ್ಲಿ ಸೇವಾಸಂಸ್ಥೆಯೊಂದು ನಡೆಸುತ್ತಿದ್ದ ದವಾಖಾನೆಗೆ ಕರೆದೊಯ್ದ.

ಅಲ್ಲಿ ಮನಸ್ಸು ನೊಂದವರನ್ನು ಕೂರಿಸಿಕೊಂಡು ಮಾತಾಡಿಸುವ ಕೆಲಸ ಭಾಗ್ಯಜ್ಯೋತಿಯದು. ಮೊದಮೊದಲು ಗಂಗಾಬಾಯಿ ಸೆರಗು ಬಾಯಿಗೊತ್ತಿಕೊಂಡು ಕೂತಿರುತ್ತಿದ್ದಳು. ಭಾಗ್ಯಜ್ಯೋತಿ ಅವಸರ ಮಾಡಲಿಲ್ಲ. ಮನೆಯಲ್ಲಿ ಮಗಳ ಮಾತೆತ್ತಿದರೆ ಚಂದಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಭಾಗ್ಯಜ್ಯೋತಿಯ ಕೋಣೆಯಲ್ಲಿ ಅಳಬಹುದಿತ್ತು. ವರ್ಷ ತುಂಬುವ ಹೊತ್ತಿಗೆ ಗಂಗಾಬಾಯಿಗೆ ಅಷ್ಟಿಷ್ಟು ನಿದ್ದೆ ಬರತೊಡಗಿತ್ತು.

ಅಷ್ಟರಲ್ಲಿ ಭಾಗ್ಯಜ್ಯೋತಿ ಮದುವೆಯಾಗಿ ಜೇವರ್ಗಿಗೆ ಹೋದಳು. ಆಕೆಯ ಜಾಗಕ್ಕೆ ಬಂದ ಸಿದ್ದಲಿಂಗ, ನಡೆದದ್ದನ್ನು ಮೊದಲಿನಿಂದ ಹೇಳುವಂತೆ ಕೇಳಿದ. ಮಾತಿನಲ್ಲಾದರೂ ಮತ್ತೊಮ್ಮೆ ಆ ಬಾವಿಯ ಹತ್ತಿರ ಹೋಗುವ ಧೈರ್ಯ ಗಂಗಾಬಾಯಿಗಿರಲಿಲ್ಲ. ಎದ್ದು ಬಂದುಬಿಟ್ಟಳು. ಇದ್ದ ನಿದ್ದೆಯೂ ಹೋಯಿತು.

ಒಂದು ದಿನ ಗಂಡನಿಗೆ ಹೇಳದೆ, ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿಗೆ ಹೋದಳು. ಅವರಿವರನ್ನು ಕೇಳಿಕೊಂಡು ಭಾಗ್ಯಜ್ಯೋತಿ ಹೊಸದಾಗಿ ಸೇರಿದ್ದ ದವಾಖಾನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಹೊರಗಿನ ಬೆಂಚುಗಳೆಲ್ಲ ತುಂಬಿದ್ದವು. ಭಾಗ್ಯಜ್ಯೋತಿ ಗುರುತು ಹಿಡಿದು ಒಳಗೆ ಕೂರಿಸಿದಳು, ಚಹಾ ತರಿಸಿದಳು.

"ಶಾಂಭವಿ ಈಗೂ ಕನಸಿನಾಗ ಬರ್ತಾಳೇನ್ರಿ?" ಎಂದು ಕೇಳಿದಳು.

ಅದು ಬೇರೆ ಯಾರದೋ ಮಗಳ ಹೆಸರು. ಗಂಗಾಬಾಯಿ ತಿದ್ದಲಿಲ್ಲ, ಬರುತ್ತಾಳೆಂದಳು. ಇಷ್ಟು ದೂರ ಬರುವುದು ನಿಮಗೆ ತ್ರಾಸು, ಆಳಂದದಲ್ಲೇ ತೋರಿಸಿಕೊಳ್ಳಿ ಎಂದು ಭಾಗ್ಯಜ್ಯೋತಿ ಮೆಲ್ಲಗೆ ತಿಳಿಸಿ ಹೇಳಿದಳು. ಗಂಗಾಬಾಯಿ ತಲೆಯಾಡಿಸಿ ಎದ್ದಳು. ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತಳು. ಸಿಟ್ಟು ಬರಲಿಲ್ಲ, ಬಂದಿದ್ದರೆ ಹಗುರಾಗುತ್ತಿತ್ತೇನೋ. ಭಾಗ್ಯಜ್ಯೋತಿಯ ಮುಂದೆ ಎಷ್ಟು ತಾಯಂದಿರು ಅಳುತ್ತಾರೋ. ಆದರೂ ಮಗಳು ಇನ್ನೊಂದು ಸಲ ಮುಳುಗಿದಂತಾಯಿತು.

ಮುಂದಿನ ವಾರ ತಾನಾಗಿಯೇ ಸಿದ್ದಲಿಂಗನ ಎದುರು ಹೋಗಿ ಕೂತಳು. ಆತ ಸಮಾಧಾನದ ಮಾತಾಡುವವನಲ್ಲ. ಅತ್ತರೆ ನೀರು ಕೊಟ್ಟು ಕಾಯುತ್ತಿದ್ದ. ಅವಳು ಮೊದಲಿನಿಂದ ಹೇಳಿದ್ದನ್ನೆಲ್ಲ ಕೇಳಿದ ಮೇಲೆ, ಹುಡುಗಿಯನ್ನು ಮೇಲೆ ತೆಗೆದವರು ಯಾರು ಎಂದು ವಿಚಾರಿಸಿದ. ಅದನ್ನು ಅವಳನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ನಾನೇ ಇಳದೀನ್ರಿ," ಎಂದಳು ಗಂಗಾಬಾಯಿ. "ಮಂದಿ ಬರೋತನಕ ಬಾವಿ ಮೆಟ್ಟಿಲ ಮ್ಯಾಲ ಎದೀಮಟ ನೀರಾಗ ಆಕಿನ್ನ ಅವಚಿಕೊಂಡು ನಿಂತಿದ್ದೆ. ಮೈ ಇನ್ನಾ ಬೆಚ್ಚಗಿತ್ತರಿ."

ಈಗಲೂ ಅವಳು ಆಳಂದಕ್ಕೆ ಹೋಗುತ್ತಾಳೆ. ಹೋಗಿಬಂದ ದಿನ ಜ್ವರ ಬಂದವರಂತೆ ಮೈಯೆಲ್ಲ ನೋಯುತ್ತದೆ, ಊಟ ಸೇರುವುದಿಲ್ಲ. ಇಷ್ಟು ಸಂಕಟಪಡುವುದಾದರೆ ಬಿಟ್ಟುಬಿಡು ಎಂದು ಚಂದಪ್ಪ ಹೇಳಿ ನೋಡಿದ. ಅವಳು ಬಿಟ್ಟಿಲ್ಲ.