ಕಪ್ಪು ಹೊಗೆ ಕೇಳಿದವರು ಯಾರು

ಮುಂಬಯಿಯ ಸೆಕೆಯಲ್ಲಿ ಉಗಿ ಕಾಣುವುದಿಲ್ಲ. ಹಳೆಯ ಸ್ಟೀಮ್ ಎಂಜಿನ್‌ಗಳ ಫೋಟೊ ತೆಗೆಯುವ ನನ್ನಂಥ ಹವ್ಯಾಸಿಗಳ ದೊಡ್ಡ ಸಂಕಟ ಇದೇ. ಚಿಮಣಿಯಿಂದ ಹೊರಟ ಬಿಳಿ ಉಗಿ ಕ್ಷಣದಲ್ಲಿ ಕರಗಿಹೋಗಿ, ಓಡುತ್ತಿರುವ ಎಂಜಿನ್ ಫೋಟೊದಲ್ಲಿ ನಿಂತಿರುವಂತೆ ಕಾಣುತ್ತದೆ. ಅದಕ್ಕೇ ಎಲ್ಲರಿಗೂ ಕಪ್ಪು ಹೊಗೆ ಬೇಕು. ಒಮ್ಮೆಲೇ ನಾಲ್ಕೈದು ಸಲಿಕೆ ಕಲ್ಲಿದ್ದಲು ಸುರಿದರೆ ಅದು ಬರುತ್ತದೆ. ಆದರೆ ಎಂಜಿನ್ನಿನ ಬೆಂಕಿ ನೋಡಿಕೊಳ್ಳುವ ಫೈರ್‌ಮನ್‌ಗೆ ಕಪ್ಪು ಹೊಗೆ ಅವಮಾನ, ಕೆಲಸ ಬಾರದವನ ಗುರುತು.

ನನ್ನ ಒಂದು ಫೋಟೊದಲ್ಲಿ ಅಂಥ ಹೊಗೆಯಿದೆ. ಉಪನಗರದ ಒಂದು ರೈಲ್ವೆ ಯಾರ್ಡಿನಲ್ಲಿ ವರ್ಷಕ್ಕೆ ಕೆಲವು ಭಾನುವಾರ ಹಳೆಯ ಎಂಜಿನ್ನೊಂದನ್ನು ಓಡಿಸುತ್ತಾರೆ. ಅದರ ಫೈರ್‌ಮನ್ ಧಾರವಾಡದ ಕಡೆಯವರು. ಬೆಂಕಿಯ ಕೆಲಸ ಬಲ್ಲವರು ಈಗ ಸಿಗುವುದಿಲ್ಲವೆಂದು ನಿವೃತ್ತಿಯ ನಂತರವೂ ಅವರನ್ನು ಕರೆಸಿಕೊಂಡಿದ್ದರು. ನಮ್ಮ ಮನೆಯವರು ಉಡುಪಿಯ ಕಡೆಯವರು, ನಾನು ಬೆಳೆದದ್ದು ವಿಲೆ ಪಾರ್ಲೆಯಲ್ಲಿ. ಯಾರ್ಡಿನಲ್ಲಿ ಕನ್ನಡ ಕಿವಿಗೆ ಬಿದ್ದ ದಿನದಿಂದ ನನಗೆ ಅವರು ಕಾಕಾ, ಅವರಿಗೆ ನಾನು ತಂಗಿ.

ಆ ಫೋಟೊ ಪರೇಲಿನ ಒಂದು ಪ್ರದರ್ಶನಕ್ಕೆ ಆಯ್ಕೆಯಾಯಿತು. ಖುಷಿಯಲ್ಲಿ ಒಂದು ಪ್ರಿಂಟ್ ಸುತ್ತಿಕೊಂಡು ಆಂಟಾಪ್ ಹಿಲ್‌ನ ಅವರ ಮನೆಗೆ ಹೋದೆ.

ಬಿಚ್ಚಿ ತೋರಿಸಿದಾಗ ಮೊದಲು ನಕ್ಕವರು ಕಾಕಾರ ಹೆಂಡತಿ. "ಮನ್ಯಾಗ ಒಗ್ಗರಣಿ ಹೊಗಿ ಆದ್ರ ನನಗ ಬೈತಾರ. ಈಗ ಇವರ ಹೊಗಿ ನೋಡ್ರಿ."

ಕಾಕಾ ನಗಲಿಲ್ಲ. "ಇದ ಫೋಟೊ ಯಾರ್ಡಿನ ಸಾಹೇಬ್ರು ಮೊಬೈಲ್‌ನ್ಯಾಗ ನೋಡ್ಯಾರ. ಒಣಗಾಕಿದ್ದ ಅರಿವಿಗೆಲ್ಲಾ ಮಸಿ ಆತಂತ ಬಾಜೂ ಬಿಲ್ಡಿಂಗ್‌ನವರ ಕಂಪ್ಲೇಂಟ್ ಇತ್ತು. ಹೊಗಿ ಮಾಡಬ್ಯಾಡ್ರಿ ಅಂತ ಮೊದಲ ಹೇಳಿದ್ರು. ಈಗ, ಇನ್ನ ಬರಬ್ಯಾಡ್ರಿ ಅಂದ್ರು."

ನಾನು ಪ್ರಿಂಟ್ ಕೆಳಗಿಟ್ಟೆ. "ಹಾಗಾದ್ರೆ ನೀವು ಯಾಕೆ ಹೊಗೆ ಬಿಟ್ಟದ್ದು ಕಾಕಾ? ಅವತ್ತು ನಂಗೂ ಆಶ್ಚರ್ಯ ಆಗಿತ್ತು ಮಾರಾಯ್ರೆ."

ಅವರು ನನ್ನ ಮುಖವನ್ನೇ ನೋಡಿದರು. "ನೀವ ಕೇಳಿದ್ರಲ್ರೀ ತಂಗಿ."

"ನಾನಾ? ಇಲ್ಲಪ್ಪ. ನಾನು ಕೇಳ್ಲೇ ಇಲ್ಲ."

"ಇರ್ಲಿ ಬಿಡ್ರಿ. ಚಾ ಕುಡೀರಿ."

ಲೋಕಲ್ ರೈಲಿನಲ್ಲಿ ಮರಳುವಾಗ, ಪಾಪ, ವಯಸ್ಸಾಯಿತು, ಮರೆವು ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ನೆನಪನ್ನು ನಂಬದ ಕಾರಣಕ್ಕೇ ಡೈರಿ ಇಡುವವಳು ನಾನು. ಮನೆಗೆ ಬಂದು ಆ ಭಾನುವಾರದ ಪುಟ ತೆಗೆದೆ. 'ನನ್ನ ಮನಸ್ಸು ಅರಿತವರಂತೆ ಕಾಕಾ ತಾವಾಗಿಯೇ ಹೊಗೆ ಬಿಟ್ಟರು' ಎಂದು ನನ್ನದೇ ಅಕ್ಷರದಲ್ಲಿತ್ತು. ಸಮಾಧಾನವಾಯಿತು. ಆಗಲೇ ನೆನಪಾಯಿತು, ಅವತ್ತು ಸ್ಟ್ಯಾಂಡಿನ ಮೇಲೆ ಮೊಬೈಲ್ ಇಟ್ಟು ವಿಡಿಯೊ ಹಚ್ಚಿದ್ದೆ. ಅದನ್ನು ನಾನು ತೆರೆದೇ ಇರಲಿಲ್ಲ.

ಎಂಜಿನ್ನಿನ ಸದ್ದಿನ ನಡುವೆ ಒಂದು ಹೆಂಗಸಿನ ಧ್ವನಿ ಕೇಳಿತು. "ಕಾಕಾ, ಒಂದ್ಸಲ ಕಪ್ಪು ಹೊಗೆ ಬಿಡಿ ಮಾರಾಯ್ರೆ. ಒಂದೇ ಸಲ."

"ಬೈತಾರ್ರೀ ತಂಗಿ."

"ಯಾರು ನೋಡ್ತಾರೆ? ಕೇಳಿದ್ರೆ ನಾನು ಹೇಳ್ತೇನೆ, ನಾನೇ ಬಿಡ್ಲಿಕ್ಕೆ ಹೇಳಿದ್ದು ಅಂತ."

ನನ್ನದೇ ಧ್ವನಿ. ಮೂರು ಸಲ ಹಾಕಿ ಆಲಿಸಿದೆ. ಸುಳ್ಳು ಬರೆಯಬೇಕೆಂದು ನಾನು ಬರೆದದ್ದಲ್ಲ. ಬರೆಯುವ ಹೊತ್ತಿಗೆ, ಅದೇ ದಿನ ಸಂಜೆಯೊಳಗೆ, ಆ ಮಾತು ನನ್ನೊಳಗಿನಿಂದ ಅಳಿಸಿಹೋಗಿತ್ತು. ಈಗಲೂ ಕಣ್ಣು ಮುಚ್ಚಿದರೆ ಯಾರ್ಡಿನಲ್ಲಿ ನಾನು ಬಾಯಿ ಮುಚ್ಚಿ ನಿಂತಿದ್ದೇನೆ. ಉಳಿದ ಪುಟಗಳನ್ನು ತೆರೆಯಲು ಭಯವಾಗುತ್ತದೆ.

ಕಾಕಾರಿಗೆ ಫೋನ್ ಮಾಡಿದೆ. "ಕಾಕಾ, ನಾನೇ ಕೇಳಿದ್ದು."

"ನನಗ ಗೊತ್ತೈತಿ," ಎಂದರು. "ಸಾಹೇಬ್ರಿಗೆ ಹೇಳ್ರಿ."

ಮರುದಿನ ಯಾರ್ಡಿನ ಕಚೇರಿಗೆ ಹೋದೆ. ಸಾಹೇಬರಿಗೆ ಕನ್ನಡ ಬಾರದು. ವಿಡಿಯೊ ಕೇಳಿ, ಇದರಲ್ಲಿ ಏನಿದೆ ಎಂದು ಹಿಂದಿಯಲ್ಲಿ ಕೇಳಿದರು. ಅಲ್ಲಿ ಕನ್ನಡ ಬಲ್ಲವರು ಬೇರೆ ಯಾರೂ ಇರಲಿಲ್ಲ. ನನ್ನ ಮಾತನ್ನು ನಾನೇ, ಒಂದೊಂದು ವಾಕ್ಯ ನಿಲ್ಲಿಸಿ, ಹಿಂದಿಗೆ ಮಾಡಿ ಹೇಳಿದೆ. 'ಯಾರು ನೋಡ್ತಾರೆ' ಎಂಬಲ್ಲಿ ಅವರು ತಲೆಯೆತ್ತಿದರು.

ಕಾಕಾರನ್ನು ಮತ್ತೆ ಕರೆಸಿಕೊಂಡರು. ಕ್ಯಾಮರಾದವರಿಗೆ ಈಗ ಒಳಗೆ ಪ್ರವೇಶವಿಲ್ಲ. ಎಂಜಿನ್ ಓಡಿಸುವ ಮುಂದಿನ ಭಾನುವಾರ ಹೊರಗಿನ ಪಾದಚಾರಿ ಸೇತುವೆಯ ಮೇಲೆ ನಿಂತೆ. ಎಂಜಿನ್ ಕೆಳಗೆ ಹಾದುಹೋಯಿತು. ಚಿಮಣಿಯ ಮೇಲೆ ಏನೂ ಇರಲಿಲ್ಲ, ಬಿಸಿಗೆ ಗಾಳಿ ನಡುಗುತ್ತಿತ್ತು, ಅಷ್ಟೇ.