ವಡಖಲ್ ನಾಕಾದಲ್ಲಿ ಬಲಕ್ಕೆ

ಅಪ್ಪನ ಷರತ್ತನ್ನು ಮೊದಲು ದಾಖಲಿಸಬೇಕು. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕುಂದಾಪುರಕ್ಕೆ ಹೊರಡುವ ಹಿಂದಿನ ಸಂಜೆ ಘಾಟ್ಕೋಪರಿನ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಅವರು ಹೇಳಿದರು:

"ಒಂದ್ ತಿರುವು ತಪ್ಪಿದ್ರೂ ಸ್ಟಿಯರಿಂಗ್ ಮಗನ ಕೈಗೆ. ವಾಪಸ್ ಬಂದ್ ಮೇಲೆ ಗಾಡಿ ಎರಡನೇ ಮಾಳಿಗೆಯವ್ರಿಗೆ ಮಾರೂದೇ."

"ತಪ್ಪದಿದ್ರೆ?" ಅಮ್ಮ ಕೇಳಿದಳು.

"ತಪ್ಪದಿದ್ರೆ ಗಾಡಿ ಇಲ್ಲೇ ಇರತ್ತ್. ನೀನೇ ಓಡ್ಸ್."

"ಎಷ್ಟ್ ವರ್ಷ?"

"ಲೈಸೆನ್ಸ್ ಇಪ್ಪುವರೆಗೆ, ಮಾರಾಯ್ತಿ."

ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕುಳಿತು ನಿವೃತ್ತರಾದವರು. ಕಣ್ಣಿನ ನರ ದುರ್ಬಲವಾಗಿದೆ, ಎದುರಿನದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಇನ್ನು ಗಾಡಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮರುವಾರವೇ ಅಮ್ಮ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಆಗ ಅವಳಿಗೆ ಐವತ್ತಾರು. ಮೊದಲ ಸಲ ನಪಾಸಾದಳು. ಎರಡನೇ ಸಲ ಲೈಸೆನ್ಸ್ ತಂದು ದೇವರ ಮುಂದೆ ಇಡದೆ ಅಪ್ಪನ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಆಮೇಲೆ ಹಲವು ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾಶಿ ಸೇತುವೆ ದಾಟಿ ಪನ್ವೇಲ್, ಪೇಣ್‌ವರೆಗೆ ಹೋಗಿ ಬಂದಳು.

ಷರತ್ತಿಗೆ ಒಂದು ಉಪಷರತ್ತೂ ಇತ್ತು. ದಾರಿಗೆ ಫೋನ್ ನೋಡಬಾರದು. "ಅದ್ರಲ್ಲಿ ನೋಡಿ ಯಾರ್ ಬೇಕಾದ್ರೂ ಓಡಿಸ್ತ್ರ್" ಎಂದು ಅಪ್ಪ ತಮ್ಮ ನಕ್ಷೆಯನ್ನು ಕೊಟ್ಟರು. ನಕ್ಷೆ ಎಂದರೆ ಹೋಟೆಲಿನ ಬಿಲ್ ಮಷೀನಿನ ಪೇಪರ್ ರೋಲ್. ಎಷ್ಟೋ ವರ್ಷದ ಹಿಂದೆ, ಸ್ನೇಹಿತರೊಬ್ಬರ ಗಾಡಿಯಲ್ಲಿ ಮೊದಲ ಸಲ ಹೆದ್ದಾರಿ ಹಿಡಿದಾಗ, ಪಕ್ಕದ ಸೀಟಿನಲ್ಲಿ ಕೂತು ಊರು, ನಾಕಾ ಎನ್ನುವ ಕೂಡುರಸ್ತೆ, ತಿರುವುಗಳನ್ನು ಒಂದೊಂದಾಗಿ ಅದರಲ್ಲಿ ಬರೆದಿದ್ದರು. ತಲೆಬರಹ: "ನಂ. 17". ಆಮೇಲೆ ದಾರಿ ಬಾಯಿಪಾಠವಾಯಿತು. ರೋಲ್ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಉಳಿಯಿತು, ಯಾರೂ ಬಿಚ್ಚಲಿಲ್ಲ.

ಆ ಹದಿನೇಳು ಈಗ ಅರವತ್ತಾರು. ದೇಶದ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಿಸಿದಾಗ ನಾನು ಪತ್ರಿಕೆಯ ಡೆಸ್ಕಿನಲ್ಲಿ ಅದರ ಬಗ್ಗೆ ಸಣ್ಣ ಟಿಪ್ಪಣಿ ಬರೆದಿದ್ದೆ. ಉತ್ತರದಿಂದ ದಕ್ಷಿಣಕ್ಕೆ ಹೋಗುವ ದಾರಿಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಆ ಸಂಖ್ಯೆ ಏರುತ್ತದೆ. ಮೂರಂಕಿ ಇದ್ದರೆ ಅದು ಕವಲು. ಟಿಪ್ಪಣಿಯನ್ನು ಯಾರು ಓದಿದರೋ ತಿಳಿಯದು. ಅಮ್ಮ ಓದಿದ್ದಳು.

ಬೆಳಿಗ್ಗೆ ಆರಕ್ಕೆ ಹೊರಟೆವು. ಅಪ್ಪ ಹಿಂದಿನ ಸೀಟಿನಲ್ಲಿ. ನಾನು ಮುಂದೆ, ಒಂದು ಕೈಯಲ್ಲಿ ರೋಲ್, ತೊಡೆಯ ಮೇಲೆ ನೋಟ್‌ಬುಕ್. ಪೇಣ್‌ವರೆಗೆ ಅಮ್ಮನಿಗೆ ದಾರಿ ಪರಿಚಿತ. ಅಲ್ಲಿಂದ ಮುಂದೆ ರೋಲ್ ಬಿಚ್ಚಿದೆ. ಮುಂಬಯಿಯ ತುದಿ ಹೊರಗೇ ಇತ್ತು. ಪನ್ವೇಲ್, ಪೇಣ್, ವಡಖಲ್. ನಮಗೆ ಬೇಕಾದ ಕ್ರಮದಲ್ಲೇ ಹೆಸರುಗಳು ಬಂದವು.

"ವಡಖಲ್ ನಾಕಾ, ಬಲಕ್ಕೆ" ಎಂದು ಓದಿದೆ.

ಅಮ್ಮ ಬಲಕ್ಕೆ ತಿರುಗಿಸಿದಳು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು.

ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ಅಮ್ಮ ವೇಗ ಇಳಿಸಿದಳು. "ಬೋರ್ಡ್ ಕಂಡ್ಯಾ? ನೂರರವತ್ತಾರು ಎ ಅಂತಿತ್ತ್. ನಮ್ಗೆ ಬೇಕಾದ್ದ್ ಅರವತ್ತಾರು ಅಲ್ದಾ? ಇದ್ ಕವಲು. ನೀನೇ ಬರ್ದದ್ದ್."

ನಾನು ಬೋರ್ಡ್ ನೋಡಿರಲಿಲ್ಲ, ರೋಲ್ ನೋಡುತ್ತಿದ್ದೆ. ಅವಳು ಹಿಂದೆ ಮುಂದೆ ನೋಡಿ, ಇಂಡಿಕೇಟರ್ ಹಾಕಿ, ಗಾಡಿ ತಿರುಗಿಸಿದಳು. ಅಪ್ಪ ಎಚ್ಚರಾದರು.

"ಎಲ್ಲಿಗ್ ಬಂದಿರ್?"

"ಅಲಿಬಾಗಿನ ದಾರಿಗೆ," ಎಂದೆ.

"ತಪ್ಪಿತಲ್ಲ! ಗಾಡಿ ಬದಿಗ್ ನಿಲ್ಸ್. ಸ್ಟಿಯರಿಂಗ್ ಅವನ ಕೈಗೆ ಕೊಡ್."

"ಹ್ವಾಯ್, ಸುಮ್ನೆ ಕೂಕಣಿ," ಅಮ್ಮ ಕನ್ನಡಿಯಲ್ಲಿ ಅವರನ್ನು ನೋಡಿದಳು. "ನಾ ಬಿಡೂದಿಲ್ಲ. ಮಗಾ, ಮೊದ್ಲು ಆ ಕಾಗ್ದ ಪೂರ್ತಿ ಓದ್."

ಒಳತುದಿಯವರೆಗೆ ಬಿಚ್ಚಿದೆ. ಮೊದಲ ಸಾಲು, ಅಪ್ಪನ ದುಂಡು ಅಕ್ಷರದಲ್ಲಿ: "ಕುಂದಾಪುರ, ಮನೆ." ಕೊನೆಯ ಸಾಲು: "ಘಾಟ್ಕೋಪರ್." ಅವರು ಬರೆದದ್ದು ಊರಿನಿಂದ ವಾಪಸ್ ಬರುವಾಗ. ಎಣಿಕೆ ಶುರುವಾಗುವುದು ಊರಿನಿಂದಲೇ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಊರಿನ ಕಡೆಯಿಂದ ಬರುವವರಿಗೆ ವಡಖಲಿನಲ್ಲಿ ಬಲ; ನಮಗೆ ಎಡ. ಬರೆದದ್ದನ್ನು ಅಕ್ಷರ ತಪ್ಪದೆ ಓದಿದ್ದೆ, ಯಾವ ಕಡೆಯಿಂದ ಬರೆದದ್ದು ಎಂದು ಕೇಳಿರಲಿಲ್ಲ. ಡೆಸ್ಕಿನಲ್ಲಿ ಕಿರಿಯರಿಗೆ ಬೈಯುವ ತಪ್ಪೇ ಇದು.

ನಾನು ವಿಷಯ ಹೇಳಿದೆ. ಅಪ್ಪ ಪಟ್ಟು ಬಿಡಲಿಲ್ಲ. "ತಿರುಗ್ಸಿದ್ದ್ ಯಾರ್? ಷರತ್ತು ಷರತ್ತೇ."

"ನೋಟ್‌ಬುಕ್ಕಲ್ಲಿ ಬರಿ ಮಗಾ," ಎಂದಳು ಅಮ್ಮ. "ಬರ್ದ್ ಇವ್ರಿಗ್ ಓದಿ ಹೇಳ್. ನಂಗ್ ಪಕ್ಷಪಾತ ಬೇಡ."

ಬರೆದೆ. ಗಟ್ಟಿಯಾಗಿ ಓದಿದೆ: "ವಡಖಲ್. ತಪ್ಪು ತಿರುವು. ಬರೆದದ್ದು ಅಪ್ಪ. ಓದಿದ್ದು ನಾನು. ತಿರುಗಿಸಿದ್ದು ಅಮ್ಮ. ಕಂಡುಹಿಡಿದದ್ದೂ ಅಮ್ಮ."

ನಾಕಾ ಮತ್ತೆ ಬಂತು. ಅಮ್ಮ ಗೋವಾ ದಾರಿ ಹಿಡಿದಳು. ನಾಗೋಠಣೆಯಾಚೆ ಚಹಾಕ್ಕೆ ನಿಲ್ಲುವವರೆಗೂ ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು, ಅಲ್ಲಿ ಎಷ್ಟು ಕಾಣುತ್ತಿತ್ತೋ ಅಷ್ಟನ್ನು.

ಚಹಾ ಬಂದ ಮೇಲೆ ಅವರು ಕೈ ಚಾಚಿದರು. ರೋಲ್ ಮತ್ತು ಪೆನ್ ಕೊಟ್ಟೆ. ಕಾಗದವನ್ನು ಮಗುಚಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಖಾಲಿ ಬದಿಯ ಮೇಲ್ತುದಿಯಲ್ಲಿ "ಘಾಟ್ಕೋಪರ್, ಮನೆ" ಎಂದು ಬರೆದರು. ಕೆಳಗೆ ವಾಶಿ, ಪನ್ವೇಲ್, ಪೇಣ್. "ವಡಖಲ್ ನಾಕಾ" ಎಂದು ಬರೆದು ಸ್ವಲ್ಪ ತಡೆದು "ಎಡಕ್ಕೆ" ಎಂದು ಸೇರಿಸಿದರು.

"ಎರಡನೇ ಮಾಳಿಗೆಯವ್ರಿಗೆ ಫೋನ್ ಮಾಡ್," ನನಗೆ ಹೇಳಿದರು. "ಗಾಡಿ ಕೊಡೂದಿಲ್ಲ ಅಂತ ಹೇಳ್."

ಅಮ್ಮ ಲೋಟ ಕೆಳಗಿಟ್ಟು ಮೇಜಿನ ಮೇಲಿದ್ದ ಕೀ ಎತ್ತಿಕೊಂಡಳು.

ಅಪ್ಪ ತಲೆ ಎತ್ತಲಿಲ್ಲ. ಪೆನ್ನು ತಲೆಬರಹದ ಜಾಗದಲ್ಲಿತ್ತು.

"ಹೊಸ ನಂಬ್ರ ಎಷ್ಟ್?"

"ಅರವತ್ತಾರು," ಎಂದಳು. "ದೊಡ್ಡ ಅಕ್ಷರದಲ್ ಬರ್ಕಣಿ. ಹೊತ್ತಾಯ್ತ್."